ಬಾಸ್ಟನ್ನಿನ ಕೆರೆ, ಬೊಂಬಾಯಿಯ ಗ್ಲಾಸು

"ಮಂಜುಗಡ್ಡೆ" ಅನ್ನುವ ಪದವನ್ನು ಶಾಲೆಯ ವಿಜ್ಞಾನ ಪುಸ್ತಕದ ಹೊರಗೆ ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಊರಲ್ಲಿ ಅದು ಐಸು. ಮೀನಿನ ಬುಟ್ಟಿಗೆ ಹಾಕುವುದೂ ಐಸು, ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಗಂಟೆ ಹೊಡೆಯುತ್ತಾ ಬರುವವನು ಮಾರುವುದೂ ಐಸು. ಮುಂಬಯಿಗೆ ಬಂದ ಮೇಲೆ ಅದೇ ವಸ್ತು ಬರ್ಫ್ ಆಯಿತು, ಅಷ್ಟೆ. ಆಕಾಶದಿಂದ ಬೀಳುವುದಕ್ಕೆ ಆಲಿಕಲ್ಲು ಅಂತ ಎಷ್ಟು ಚೆಂದದ ಹೆಸರಿಟ್ಟ ನಮ್ಮ ಜನ, ಗ್ಲಾಸಿಗೆ ಬೀಳುವುದಕ್ಕೆ ಮಾತ್ರ ಹೆಸರನ್ನು ಸಾಲ ತಂದರು. ಕಾರಣ ಏನೂ ಗೂಢವಲ್ಲ. ಆ ಪದಾರ್ಥ ನಮ್ಮಲ್ಲಿ ಇರಲೇ ಇಲ್ಲ. ಅದು ಹಡಗು ಹತ್ತಿ ಬಂದದ್ದು. ಹೆಸರೂ ಅದರ ಜೊತೆಗೇ ಇಳಿಯಿತು.

ಈ ಯೋಚನೆ ನನಗೆ ಬಂದದ್ದು ಒಂದು ಸಣ್ಣ ಪ್ರಶ್ನೆಯಿಂದ. ಮುಂಬಯಿಯ ಯಾವುದೇ ಸಾಧಾರಣ ಪರ್ಮಿಟ್ ರೂಮಿಗೆ ಹೋಗಿ ನೋಡಿ. ಕ್ವಾರ್ಟರಿಗೆ ಬಿಲ್ಲು, ಸೋಡಕ್ಕೆ ಬಿಲ್ಲು, ಬಾಟಲಿ ನೀರಿಗೆ ಬಿಲ್ಲು. ಆದರೆ ಇಕ್ಕಳದ ಸಮೇತ ಟೇಬಲ್ಲಿಗೆ ಬಂದು ಕೂರುತ್ತದಲ್ಲ, ಆ ಸ್ಟೀಲಿನ ಐಸ್ ಬಕೆಟ್ಟು, ಅದಕ್ಕೆ ಬಿಲ್ಲಿಲ್ಲ. ಮುಗಿದರೆ ಮತ್ತೊಂದು ಬರುತ್ತದೆ. ಈ ಸೆಕೆಯ ಊರಿನಲ್ಲಿ ತಂಪಿಗೆ ಯಾಕೆ ದುಡ್ಡು ತೆಗೆದುಕೊಳ್ಳುವುದಿಲ್ಲ? ಇದರ ಜಾಡು ಹಿಡಿದು ಹೊರಟರೆ ಎರಡು ನೂರು ವರ್ಷ ಹಿಂದಕ್ಕೆ, ಅಮೆರಿಕದ ಬಾಸ್ಟನ್ ತನಕ ಹೋಗಿ ನಿಲ್ಲಬೇಕಾಗುತ್ತದೆ. ಬನ್ನಿ, ಹೋಗಿ ಬರೋಣ.

ಐಸು ಬರುವ ಮೊದಲು ನಮ್ಮ ದೇಶದಲ್ಲಿ ತಂಪು ಇರಲಿಲ್ಲ ಅಂತಲ್ಲ. ಮಣ್ಣಿನ ಹೂಜಿ, ಒದ್ದೆ ಬಟ್ಟೆ ಸುತ್ತಿದ ತಂಬಿಗೆ, ನೀರಿಗೆ ಹಾಕಿದ ಲಾವಂಚದ ಬೇರು, ಇವು ಎಲ್ಲರ ಮನೆಯವು. ಮಡಕೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ, ಒಳಗಿನ ನೀರು ತಂಪಾಗುತ್ತದೆ. ಆದರೆ ಇದು ನಡೆಯುವುದು ಒಣ ಗಾಳಿಯಿದ್ದರೆ. ಬಿಜಾಪುರದ ಮಡಕೆ ನೀರು ಕುಡಿದವರಿಗೆ ಕರಾವಳಿಯ ಮಡಕೆ ನೀರು ಸಪ್ಪೆ ಅನ್ನಿಸುವುದು ಇದಕ್ಕೇ. ಸಮುದ್ರದ ಬದಿಯ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಮಡಕೆಯ ನೀರಿಗೆ ಆರಲು ಜಾಗವಿಲ್ಲ. ಬೊಂಬಾಯಿ, ಮದ್ರಾಸು, ಕಲ್ಕತ್ತ ಮೂರೂ ಸಮುದ್ರದ ಹವೆಯ ಊರುಗಳೇ. ಕಂಪನಿಯ ದೊರೆಗಳು ಬಂದು ಬೆವರಿದ್ದು ಸರಿಯಾಗಿ ಇಲ್ಲಿಯೇ.

ಇನ್ನು ಅರಸರ ದಾರಿ ಬೇರೆ. ಅಕ್ಬರನ ಅರಮನೆಯಲ್ಲಿ ನೀರಿಗೇ ಒಂದು ಖಾತೆ, ಆಬ್ದಾರ್‌ಖಾನೆ. ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ವಿಧಾನವನ್ನು ಅಡಿಗೆ ಪುಸ್ತಕದ ಹಾಗೆ ಬರೆದಿಟ್ಟಿದ್ದಾನೆ. ಒಂದು ಸೇರು ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಮುಚ್ಚಬೇಕು. ಬೇರೆ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಬೇಕು. ಅದರಲ್ಲಿ ಹೂಜಿಯನ್ನು ಕಾಲು ಗಂಟೆ ತಿರುಗಿಸುತ್ತಿದ್ದರೆ ಒಳಗಿನ ನೀರು ತಣ್ಣಗಾಗುತ್ತದೆ. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ಗುಟ್ಟು ಇಷ್ಟೇ. ಇದೇ ಪೆಟ್ಲುಪ್ಪಿನಿಂದ ಮದ್ದಿನ ಪುಡಿಯೂ ಆಗುತ್ತಿತ್ತು ಅನ್ನುವುದು ಬೇರೆ ಮಾತು. ಬಾದಶಹ ಲಾಹೋರಿಗೆ ಬಿಡಾರ ಬದಲಿಸಿದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮವನ್ನೇ ಹೊರಿಸಿ ತರಿಸುತ್ತಿದ್ದರು.

ಇಂಗ್ಲಿಷರು ಈ ಆಬ್ದಾರನನ್ನು ಹಾಗೆಯೇ ಕೆಲಸಕ್ಕಿಟ್ಟುಕೊಂಡರು. ಕಲ್ಕತ್ತದ ಸಾಹೇಬರು ಪಾರ್ಟಿಗೆ ಹೋಗುವಾಗ ತಮ್ಮ ಆಬ್ದಾರನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಒಳಗೆ ಇವರು ಹರಟೆ ಹೊಡೆಯುತ್ತಿದ್ದರೆ ಹೊರಗೆ ಅವನು ಪೆಟ್ಲುಪ್ಪಿನ ನೀರಿನಲ್ಲಿ ವೈನಿನ ಶೀಶೆ ತಿರುಗಿಸುತ್ತಾ ಕೂತಿರಬೇಕು. ಒಬ್ಬರ ತಂಪು ಅಂದರೆ ಇನ್ನೊಬ್ಬರ ರಟ್ಟೆ ನೋವು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತದೆ.

ಬಂಗಾಳದಲ್ಲಿ ಐಸನ್ನು ತಯಾರಿಸುವ ಪದ್ಧತಿಯೂ ಇತ್ತು. ಚಳಿಗಾಲದ ರಾತ್ರಿ ಬಯಲಿನಲ್ಲಿ ಅಗಲವಾದ ಗುಂಡಿ ತೋಡಿ, ಕಬ್ಬಿನ ಸಿಪ್ಪೆಯನ್ನೋ ಜೋಳದ ದಂಟನ್ನೋ ಹಾಸಿ, ಅದರ ಮೇಲೆ ಸಾವಿರಾರು ಮಣ್ಣಿನ ತಟ್ಟೆಗಳಲ್ಲಿ ನೀರಿಡುವುದು. ಬೆಳಗಾಗುವ ಮೊದಲು ಮೇಲೆ ತೆಳುವಾದ ಐಸಿನ ಪದರ ಕಟ್ಟಿರುತ್ತದೆ. ಅದನ್ನು ಬಾಚಿ ಕುಟ್ಟಿ ನೆಲದಡಿಯ ಕೋಣೆಯಲ್ಲಿ ಶೇಖರಿಸುವುದು. ಅಲಹಾಬಾದಿನ ಕಡೆ ಹೀಗೆ ಮಾಡುವುದನ್ನು ಕಂಡ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಕಲ್ಕತ್ತಕ್ಕೆ ಈ ಸರಕು ಹೂಗ್ಲಿಯ ಕಡೆಯಿಂದ ಬರುತ್ತಿತ್ತು. ಕೆಸರು ಬೆರೆತ, ಬೇಗ ಕರಗುವ ಐಸು. ಗ್ಲಾಸಿನ ಒಳಗೆ ಹಾಕುವಂಥದ್ದಲ್ಲ, ಹೊರಗಿನಿಂದ ಶೀಶೆ ತಂಪು ಮಾಡಲು ಆದೀತು.

ಈಗ ಬಾಸ್ಟನ್ನಿಗೆ ಹೋಗೋಣ.

ಫ್ರೆಡರಿಕ್ ಟ್ಯೂಡರ್ ಹುಟ್ಟಿದ್ದು 1783ರಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಅವನ ಊರಿನಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಕೆರೆಯ ಐಸನ್ನು ಕತ್ತರಿಸಿ ಬೇಸಿಗೆಗೆ ಕೂಡಿಡುವುದು ಅಲ್ಲಿನ ರೂಢಿ. ಇದನ್ನೇ ಬಿಸಿಲು ದೇಶಗಳಿಗೆ ಮಾರಿದರೆ ಹೇಗೆ ಅಂತ ಈತನಿಗೆ ಹೊಳೆಯಿತು. 1806ರ ಫೆಬ್ರವರಿಯಲ್ಲಿ 'ಫೇವರಿಟ್' ಎಂಬ ಹಡಗಿನಲ್ಲಿ ನೂರಮೂವತ್ತು ಟನ್ನಿನಷ್ಟು ಐಸು ತುಂಬಿಕೊಂಡು ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಹೊರಟಾಗ ಊರವರು ಬಿದ್ದು ಬಿದ್ದು ನಕ್ಕರು. ಐಸು ಹೋಗಿ ಮುಟ್ಟಿತು. ಆದರೆ ಇಟ್ಟುಕೊಳ್ಳಲು ಅಲ್ಲಿ ಗೋದಾಮಿಲ್ಲ, ಕೊಂಡವರಿಗೆ ಏನು ಮಾಡಬೇಕೆಂದು ಗೊತ್ತಿಲ್ಲ. ದುಡ್ಡು ಕರಗಿತು. ಮುಂದಿನ ಕೆಲವು ವರ್ಷಗಳಲ್ಲಿ ಸಾಲಕ್ಕಾಗಿ ಒಂದಕ್ಕಿಂತ ಹೆಚ್ಚು ಸಲ ಜೈಲನ್ನೂ ನೋಡಿ ಬಂದ.

ಆದರೂ ಬಿಡಲಿಲ್ಲ. ಅವನ ಲೆಕ್ಕಾಚಾರ ನೋಡಿದರೆ ನಮ್ಮ ಹೋಟೆಲಿನ ಶೆಟ್ರು, ಭಟ್ರು ಕೂಡ ತಲೆದೂಗಬೇಕು. ಯಾರಿಗೂ ಬೇಡದ ಮೂರು ವಸ್ತುಗಳನ್ನು ಅವನು ಜೋಡಿಸಿದ. ಒಂದು, ಕೆರೆಯ ನೀರು. ಎರಡು, ಮರದ ಮಿಲ್ಲುಗಳ ಬದಿಯಲ್ಲಿ ರಾಶಿ ಬಿದ್ದಿರುತ್ತಿದ್ದ ಮರದ ಹುಡಿ. ಐಸಿನ ಸುತ್ತ ಇದನ್ನು ಒತ್ತಿದರೆ ಶಾಖ ಒಳಗೆ ಇಳಿಯುವುದಿಲ್ಲ. ಮೂರು, ಹಡಗಿನ ಖಾಲಿ ಹೊಟ್ಟೆ. ಬಾಸ್ಟನ್ನಿನಿಂದ ಇಂಡಿಯಾಕ್ಕೆ ಸರಕು ತರಲು ಹೋಗುವ ಹಡಗುಗಳಿಗೆ ಹೋಗುವಾಗ ತುಂಬಲು ಹೆಚ್ಚೇನೂ ಇರುತ್ತಿರಲಿಲ್ಲ, ತೂಕಕ್ಕೆಂದು ಕಲ್ಲು ತುಂಬುತ್ತಿದ್ದರು. ಕಲ್ಲಿನ ಬದಲು ಐಸು! ನಾಲ್ಕನೆಯದಾಗಿ 1825ರಲ್ಲಿ ನಥಾನಿಯೆಲ್ ವಯೆತ್ ಎಂಬವನು ಕುದುರೆ ಎಳೆಯುವ ಐಸಿನ ನೇಗಿಲು ಮಾಡಿಕೊಟ್ಟ. ಹೆಪ್ಪುಗಟ್ಟಿದ ಕೆರೆಯನ್ನು ಉತ್ತು ಚೌಕ ಚೌಕವಾಗಿ ಕತ್ತರಿಸುವ ಯಂತ್ರ. ಚೌಕದ ಗಡ್ಡೆಗಳು ಇಟ್ಟಿಗೆಯ ಹಾಗೆ ಸಂದಿಲ್ಲದೆ ಕೂರುತ್ತವೆ. ಸಂದಿಲ್ಲದಿದ್ದರೆ ಗಾಳಿಯಿಲ್ಲ, ಗಾಳಿಯಿಲ್ಲದಿದ್ದರೆ ಕರಗುವುದು ಕಡಿಮೆ.

ಆದರೆ ನನ್ನ ಬಿಲ್ಲಿನ ಪ್ರಶ್ನೆಗೆ ಉತ್ತರ ಇರುವುದು ಅವನ ಇನ್ನೊಂದು ಉಪಾಯದಲ್ಲಿ. ಐಸು ಮಾರಬೇಕಾದರೆ ಮೊದಲು ಜನರಿಗೆ ಅದರ ಚಟ ಹತ್ತಬೇಕು. ಚಟ ಹತ್ತಿಸುವ ಜಾಗ ಯಾವುದು? ಬಾರು! ಬಾರಿನವರಿಗೆ ಅವನು ಕಲಿಸಿದ ಪಾಠ ಇದು: ಒಂದು ಊರಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಒಬ್ಬ ಬಾರಿನವನನ್ನು ಹಿಡಿಯಿರಿ. ಅವನು ತಣ್ಣನೆಯ ಪಾನೀಯವನ್ನು ಬೆಚ್ಚಗಿನದರ ದರಕ್ಕೇ ಮಾರಲಿ, ಒಂದು ಕಾಸೂ ಹೆಚ್ಚಿಗೆ ಬೇಡ. ಒಂದು ವಾರ ತಣ್ಣಗೆ ಕುಡಿದವನು ಮತ್ತೆ ಬೆಚ್ಚಗಿನದನ್ನು ಮುಟ್ಟುವುದಿಲ್ಲ. ಉಳಿದ ಬಾರಿನವರು ಗಿರಾಕಿ ಕಳೆದುಕೊಳ್ಳಬೇಕು, ಇಲ್ಲವೇ ಐಸು ಕೊಳ್ಳಬೇಕು.

ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಟೇಬಲ್ಲಿಗೆ ಬರುವ ಪುಕ್ಕಟೆ ಬಕೆಟ್ಟಿನ ಪೂರ್ವಜ ಇವನೇ ಇರಬೇಕು. ಐಸಿಗೆ ಬಿಲ್ಲು ಹಾಕಿದ ದಿನ ಗಿರಾಕಿ ಪಕ್ಕದ ಬಾರಿಗೆ ಹೋಗುತ್ತಾನೆ. ಅದನ್ನು ಬೇರೆಯವರಿಗಿಂತ ಮೊದಲು ಅರ್ಥ ಮಾಡಿಕೊಂಡವನು ಬಾಸ್ಟನ್ನಿನ ಟ್ಯೂಡರ್.

1833ರ ಮೇ 12ರಂದು 'ಟಸ್ಕನಿ' ಹಡಗು 180 ಟನ್ ಐಸಿನೊಂದಿಗೆ ಕಲ್ಕತ್ತದ ಕಡೆಗೆ ಹೊರಟಿತು. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಭೂಮಧ್ಯರೇಖೆ ದಾಟಬೇಕು. ಸೆಪ್ಟೆಂಬರಿನಲ್ಲಿ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಹೂಗ್ಲಿಯ ಕೆಸರು ಐಸು ಕಂಡಿದ್ದ ಜನರಿಗೆ ಗಾಜಿನಂತೆ ಹೊಳೆಯುವ ಗಡ್ಡೆ ಕಂಡು ಹುಚ್ಚೇ ಹಿಡಿಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಐಸು ತಂದ ರೋಜರ್ಸ್ ಎಂಬವನಿಗೆ ಬೆಳ್ಳಿಯ ಲೋಟ ಕೊಟ್ಟು ಗೌರವಿಸಿದ. ಹೌದು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ಅದೇ ಬೆಂಟಿಂಕ್.

ಇಲ್ಲಿ ಒಂದು ವಿಷಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಐಸಿಗೆ ಸುಂಕವಿಲ್ಲ ಅಂತ ಕಂಪನಿ ಸರ್ಕಾರ ತೀರ್ಮಾನಿಸಿತು. ಹಗಲು ಇಳಿಸಿದರೆ ಕರಗುತ್ತದೆಂದು ರಾತ್ರಿ ಇಳಿಸಲೂ ಪರವಾನಗಿ ಕೊಟ್ಟಿತು. ಅದೇ ಊರಿನಲ್ಲಿ, ಅದೇ ಕಾಲಕ್ಕೆ, ಉಪ್ಪು ಕಂಪನಿಯ ಸ್ವತ್ತು. ಗಂಜಿಗೆ ಹಾಕುವ ಹರಳಿಗೂ ಬಡವ ಸರ್ಕಾರಕ್ಕೆ ತೆರಬೇಕು. ಸಾಹೇಬನ ಕ್ಲಾರೆಟ್ಟಿಗೆ ಬೀಳುವ ಗಡ್ಡೆಗೆ ಮಾಫಿ. ಎರಡೂ ನೋಡಲು ಬಿಳಿ, ಎರಡೂ ನೀರಿನಲ್ಲಿ ಕರಗುತ್ತವೆ. ಒಂದರ ಮೇಲೆ ಸಾಮ್ರಾಜ್ಯವೇ ನಡೆಯಿತು, ಇನ್ನೊಂದಕ್ಕೆ ಸಾಮ್ರಾಜ್ಯವೇ ಬಾಗಿಲು ತೆರೆದು ನಿಂತಿತು.

ಬೊಂಬಾಯಿಗೆ ಐಸು ಬಂದದ್ದು 1834ರಲ್ಲಿ. ತರಿಸಿದ್ದು ಜಹಾಂಗೀರ್ ನಸರ್‌ವಾನ್‌ಜಿ ವಾಡಿಯಾ ಅವರ ಸಂಸ್ಥೆ. ದರ ರಾತಲಿಗೆ ನಾಲ್ಕಾಣೆ. ಜಮ್ಶೆಟ್‌ಜಿ ಜೀಜೀಭಾಯ್ ತಮ್ಮ ಮನೆಯ ಔತಣದಲ್ಲಿ ಐಸ್ ಕ್ರೀಮು ಬಡಿಸಿದರು. ಆಮೇಲೆ ಅತಿಥಿಗಳಿಗೆ ನೆಗಡಿಯಾಯಿತೆಂದೂ, ಪರದೇಶಿ ಪದಾರ್ಥದ ಆಸೆಗೆ ತಕ್ಕ ಶಾಸ್ತಿಯೆಂದೂ 'ಬೊಂಬಾಯಿ ಸಮಾಚಾರ್' ಪತ್ರಿಕೆ ಛೇಡಿಸಿತಂತೆ. ಮುಂದೆ ಗೋದಿಯ ಹತ್ತಿರ, ಸೇಂಟ್ ಆಂಡ್ರ್ಯೂಸ್ ಚರ್ಚಿನ ಪಕ್ಕದಲ್ಲಿ ಗುಮ್ಮಟದ ಐಸ್ ಹೌಸ್ ಎದ್ದಿತು. ಆ ಕಟ್ಟಡ ಈಗ ಇಲ್ಲ. ಲಯನ್ ಗೇಟಿನ ಎದುರು, ಕಾಮಾ ಓರಿಯೆಂಟಲ್ ಇನ್‌ಸ್ಟಿಟ್ಯೂಟಿನ ಆಸುಪಾಸಿನಲ್ಲಿ ಓಡಾಡುವಾಗ ಒಮ್ಮೆ ನೆನಪಿಸಿಕೊಳ್ಳಿ. ತಮಾಷೆಯೆಂದರೆ ಆ ರಸ್ತೆಗೆ ಈಗಿರುವ ಹೆಸರು ಬಾಂಬೆ ಸಮಾಚಾರ್ ಮಾರ್ಗ!

ಮೂರರಲ್ಲಿ ಉಳಿದದ್ದು ಮದ್ರಾಸಿನದು ಮಾತ್ರ. 1842ರಲ್ಲಿ ಮರೀನಾ ಕಡಲ ದಂಡೆಯಲ್ಲಿ ಕಟ್ಟಿದ ಆ ದುಂಡನೆಯ ಐಸ್ ಹೌಸನ್ನು ಐಸಿನ ವ್ಯಾಪಾರ ಮುಗಿದ ಮೇಲೆ ಕೊಂಡವರು ವಕೀಲ ಬಿಳಿಗಿರಿ ಅಯ್ಯಂಗಾರ್. ಐಸಿನ ಮನೆಗೆ ಬಿಳಿಗಿರಿಯೇ ಯಜಮಾನ! ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವ ಜೋಕು ಇದು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದ್ದರು. ಆಮೇಲೆ ಬಾಲವಿಧವೆಯರಿಗಾಗಿ ದುಡಿದ ಸೋದರಿ ಸುಬ್ಬಲಕ್ಷ್ಮಿಯವರ ಆಶ್ರಮವೂ ಅಲ್ಲಿ ನಡೆಯಿತು. 1963ರಿಂದ ಅದು ವಿವೇಕಾನಂದರ್ ಇಲ್ಲಂ. ಆದರೂ ಚೆನ್ನೈಯಲ್ಲಿರುವ ನನ್ನ ಭಾವ ಹೇಳುವಂತೆ ಆಟೋದವನಿಗೆ "ಐಸ್ ಹೌಸ್" ಅಂದರೇ ತಿಳಿಯುವುದು.

ಟ್ಯೂಡರನ ಕಥೆ ಸುಖಾಂತ. ಕಾಫಿ ಸಟ್ಟಾದಲ್ಲಿ ಮಾಡಿಕೊಂಡಿದ್ದ ಎರಡು ಲಕ್ಷ ಡಾಲರಿಗೂ ಮೀರಿದ ಸಾಲವನ್ನು ತೀರಿಸಲು ನಮ್ಮ ಬಂದರುಗಳ ಐಸೇ ಅವನಿಗೆ ಆಸರೆಯಾಯಿತು. 1864ರಲ್ಲಿ ಶ್ರೀಮಂತನಾಗಿ ತೀರಿಕೊಂಡ. ಅಷ್ಟರಲ್ಲಿ ಐಸು ಮಾಡುವ ಯಂತ್ರಗಳು ಬರತೊಡಗಿದ್ದವು. ಮದ್ರಾಸಿನಲ್ಲಿ 1874ರಲ್ಲಿ ಇಂಟರ್‌ನ್ಯಾಷನಲ್ ಐಸ್ ಕಂಪನಿ, ಕಲ್ಕತ್ತದಲ್ಲಿ 1878ರಲ್ಲಿ ಬೆಂಗಾಲ್ ಐಸ್ ಕಂಪನಿ. ಕೆಲವೇ ವರ್ಷಗಳಲ್ಲಿ ಹಡಗಿನ ಐಸು ನಿಂತುಹೋಯಿತು.

ಇನ್ನು ನಮ್ಮವರ ಅಧ್ಯಾಯ.

ಸ್ವಾತಂತ್ರ್ಯ ಬಂದ ಮೇಲೆ ಬೊಂಬಾಯಿ ಪ್ರಾಂತ್ಯಕ್ಕೆ 1949ರ ಮದ್ಯಪಾನ ನಿಷೇಧ ಕಾಯ್ದೆ ಬಂತು. ಆಗ ಕುಡಿತ ಕದ್ದು ನಡೆಯುತ್ತಿತ್ತು. 'ಆಂಟಿ'ಗಳ ಅಡ್ಡೆಯಲ್ಲಿ ನಿಂತೋ ಕೂತೋ ಒಂದು ಗ್ಲಾಸು ಗಂಟಲಿಗೆ ಸುರಿದುಕೊಂಡು, ಪೊಲೀಸರು ಬರುವ ಮೊದಲು ಹೊರಟುಬಿಡಬೇಕು. ಅಲ್ಲಿ ಐಸಿಗೆ ಏನು ಕೆಲಸ? ಐಸು ಕರಗುವುದಕ್ಕೂ ಮಾತು ಬೆಳೆಯುವುದಕ್ಕೂ ಸಮಯ ಬೇಕು. ನಮ್ಮೂರ ಗಡಂಗಿನಲ್ಲೂ ಹಾಗೆಯೇ, ಮರದಿಂದ ಇಳಿಸಿದ ಶೇಂದಿಯನ್ನು ತಾಜಾ ಇದ್ದಾಗಲೇ ಕುಡಿದು ಎದ್ದರಾಯಿತು. 1960ರ ಮತ್ತು 70ರ ದಶಕಗಳಲ್ಲಿ ಕಾನೂನು ಸಡಿಲವಾಗಿ ಪರ್ಮಿಟ್ ರೂಮುಗಳು ತೆರೆದಾಗ ಸಾಧಾರಣ ಗುಮಾಸ್ತನಿಗೂ ಮರ್ಯಾದೆಯಿಂದ ಕೂತು ಕುಡಿಯುವ ಜಾಗ ಸಿಕ್ಕಿತು. ಐಸ್ ಬಕೆಟ್ಟು ನನಗೆ ಆ ಕೂರುವ ಹಕ್ಕಿನ ಗುರುತಾಗಿ ಕಾಣುತ್ತದೆ. ಅದೇ 1949ರ ಕಾಯ್ದೆಯ ಬೇರಿನಿಂದ ಗುಜರಾತಿನಲ್ಲಿ ಪಾನನಿಷೇಧ ಉಳಿಯಿತು, ಮಹಾರಾಷ್ಟ್ರದಲ್ಲಿ ಪರ್ಮಿಟ್ ರೂಮು ಚಿಗುರಿತು. ವಿಚಿತ್ರ, ಅಲ್ಲವೇ?

ಈ ಪರ್ಮಿಟ್ ರೂಮುಗಳ ಗಲ್ಲೆಯಲ್ಲಿ ಕೂತವರಲ್ಲಿ ಬಹಳ ಮಂದಿ ಉಡುಪಿ, ಕುಂದಾಪುರ, ಕಾರ್ಕಳ ಕಡೆಯವರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಐಸು ಒಡೆಯುವ ಹುಡುಗರೂ ಅದೇ ಕಡೆಯವರು. ನಮ್ಮ ದೊಡ್ಡಮ್ಮನ ಮಗ ಏಳನೇ ಕ್ಲಾಸು ಬಿಟ್ಟು ಮುಂಬಯಿಗೆ ಬಂದು ಅಂಥದೊಂದು ಬಾರಿನಲ್ಲಿ ಸೇರಿದಾಗ ಅವನಿಗೆ ಹದಿಮೂರು. ಮಧ್ಯಾಹ್ನ ಕೈಗಾಡಿಯಲ್ಲಿ ಗೋಣಿ ಹೊದ್ದುಕೊಂಡು ಐಸಿನ ಲಾದಿ ಬರುತ್ತಿತ್ತು. ಅದನ್ನು ಎತ್ತಿ ಹಿಂದಿನ ಮೋರಿಗೆ ತಂದು, ಚೂಪು ಕಬ್ಬಿಣದ ಕಡ್ಡಿಯಿಂದ ಒಡೆದು ಪೆಟ್ಟಿಗೆ ತುಂಬಬೇಕು. "ಮೊದಲು ಬೆರಳು ಉರಿತದೆ ಮಾರಾಯ, ಆಮೇಲೆ ಬೆರಳು ಉಂಟಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ" ಅನ್ನುತ್ತಿದ್ದ. ಕಡ್ಡಿ ಜಾರಿ ಎಡಗೈಗೆ ಚುಚ್ಚಿದ ಗುರುತು ಈಗಲೂ ಇದೆ. ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕ್ಯಾಶಿಯರ್ ಆದ. ಈ ರಾತ್ರಿ ಶಾಲೆಗಳು ಇಲ್ಲದಿದ್ದರೆ ಎಷ್ಟು ಹುಡುಗರು ಐಸಿನ ಪೆಟ್ಟಿಗೆಯ ಹತ್ತಿರವೇ ಮುದುಕರಾಗುತ್ತಿದ್ದರೋ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅವನ ಪಾಲಿಗೆ ಅದು ಬಹಳ ತಡ.

ಅವನಿಂದ ಕಲಿತ ಕೆಲವು ಐಸಿನ ಗುಟ್ಟುಗಳನ್ನು ಇಲ್ಲಿ ಹೇಳಿಬಿಡುತ್ತೇನೆ. (ನಾನು ಬರೇ ನಿಂಬೆ ಸೋಡದ ಗಿರಾಕಿ, ನನಗೂ ಉಪಯೋಗಕ್ಕೆ ಬಂದಿವೆ.) ಬಾಟಲಿ ಬೇಗ ತಣ್ಣಗಾಗಬೇಕೆಂದರೆ ಬರೀ ಐಸಿನಲ್ಲಿ ಹುಗಿಯಬೇಡಿ, ಬಕೆಟ್ಟಿಗೆ ಒಂದಿಷ್ಟು ನೀರು ಹೊಯ್ಯಿರಿ. ಐಸಿನ ತುಂಡು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ನೀರು ಎಲ್ಲಾ ಕಡೆ ಅಪ್ಪಿಕೊಳ್ಳುತ್ತದೆ. ಇನ್ನೂ ಅವಸರವಿದ್ದರೆ ಒಂದು ಹಿಡಿ ಉಪ್ಪು ಹಾಕಿ, ಶೂನ್ಯ ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಗ್ಲಾಸಿಗೆ ಪುಡಿ ಐಸು ಬೇಡ, ದೊಡ್ಡ ತುಂಡು ಹಾಕಿ. ಒಂದು ಗಡ್ಡೆಯನ್ನು ಎಂಟು ಸಮ ತುಂಡು ಮಾಡಿದರೆ ಹೊರಮೈ ಎರಡು ಪಟ್ಟಾಗುತ್ತದೆ, ಕರಗುವ ವೇಗವೂ ಏರುತ್ತದೆ, ಗ್ಲಾಸು ನೀರು ನೀರಾಗುತ್ತದೆ. ಐಸಿನ ಶಕ್ತಿಯೆಲ್ಲ ಇರುವುದು ಕರಗುವುದರಲ್ಲಿಯೇ. ಒಂದು ಗ್ರಾಂ ಐಸು ಕರಗುವಾಗ ನುಂಗುವ ಶಾಖದಿಂದ ಒಂದು ಗ್ರಾಂ ನೀರನ್ನು ಶೂನ್ಯದಿಂದ 80 ಡಿಗ್ರಿಗೆ ಕಾಯಿಸಬಹುದು. ಕರಗದ ಐಸು ಯಾರನ್ನೂ ತಂಪು ಮಾಡದು.

ಇನ್ನೊಂದು ಎಚ್ಚರಿಕೆ. ಮೀನಿಗೆ, ಕಾರ್ಖಾನೆಗೆ ಮಾಡಿದ ಐಸೇ ರಸ್ತೆ ಬದಿಯ ಶರಬತ್ತಿಗೂ ಬೀಳುತ್ತಿದ್ದುದರಿಂದ ತಿನ್ನಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮ 2018ರಲ್ಲಿ ಬಂತು. ನೀಲಿ ಐಸು ಕಂಡರೆ ಗ್ಲಾಸು ಕೆಳಗಿಡಿ. ಬಿಳಿಯಾಗಿದೆ ಅಂತ ಕಣ್ಣು ಮುಚ್ಚಿ ನಂಬುವುದೂ ಬೇಡ.

ಟ್ಯೂಡರನಿಗೆ 'ಐಸ್ ಕಿಂಗ್' ಅನ್ನುವ ಬಿರುದಿದೆ, ರೋಜರ್ಸನ ಬೆಳ್ಳಿ ಲೋಟಕ್ಕೆ ಚರಿತ್ರೆಯಲ್ಲಿ ಜಾಗವಿದೆ. ಕಲ್ಕತ್ತದ ಆಬ್ದಾರನ ಹೆಸರು ಯಾರೂ ಬರೆದಿಡಲಿಲ್ಲ. ಬಾಸ್ಟನ್ನಿನ ಹಡಗಿನಿಂದ ರಾತ್ರಿಯೆಲ್ಲ ಗಡ್ಡೆ ಇಳಿಸಿದ ಕೂಲಿಯದೂ ಇಲ್ಲ, ಲಾದಿ ಒಡೆದ ನಮ್ಮ ಹುಡುಗರದೂ ಇಲ್ಲ. ಕರಗುವ ವಸ್ತು, ಗುರುತು ಉಳಿಯುವುದಿಲ್ಲ ನೋಡಿ. ಆದರೆ ಅಂಥ ಹುಡುಗರಲ್ಲಿ ಅನೇಕರು ಈಗ ಅರುವತ್ತು, ಎಪ್ಪತ್ತು ದಾಟಿ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ನಿಮ್ಮ ಸಂಬಂಧಿಕರಲ್ಲೇ ಒಬ್ಬರು ಇದ್ದಾರು. ಮುಂದಿನ ಸಲ ಮದುವೆ ಮನೆಯಲ್ಲಿ ಸಿಕ್ಕಾಗ ಪಕ್ಕದಲ್ಲಿ ಕೂತು ಕೇಳಿ: ಲಾದಿ ಎಷ್ಟು ಗಂಟೆಗೆ ಬರುತ್ತಿತ್ತು, ಸಂಬಳ ಎಷ್ಟು, ಮಲಗುತ್ತಿದ್ದದ್ದು ಎಲ್ಲಿ. ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಐಸಿಗೆ ಬಿಲ್ಲು ಬರೆಯಲಿಲ್ಲ, ಒಡೆದವರ ಹೆಸರನ್ನಾದರೂ ಬರೆಯೋಣ.